ಎಂಪಿಎ ಓದುವವರ ಪತ್ರಗಳು: ಯಾವ ಕಾರ್ಯಕ್ರಮಕ್ಕೆ ಹೋಗಬೇಕು, ಯಾವ ಸುದ್ದಿ ನಂಬಬೇಕು?

ಕಳೆದ ಸಂಚಿಕೆಯಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಕೋರ್ಸ್, ಅಂದರೆ ಎಂಪಿಎ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಪಾಠದ ಬಗ್ಗೆ ಕೇಳಿದವರು ಕಮ್ಮಿ. ಹೆಚ್ಚಿನವರಿಗೆ ತಲೆನೋವಾಗಿರುವುದು ಪಾಠದ ಆಚೆ ನಡೆಯುವ ಗಡಿಬಿಡಿ: ಉಪನ್ಯಾಸ, ಹಳೇ ವಿದ್ಯಾರ್ಥಿಗಳ ಸಭೆ, ಸ್ಪರ್ಧೆ, ಮಾನ್ಯತೆ ತಂಡದ ಭೇಟಿ, ವಿಭಾಗದ ಸುದ್ದಿಪತ್ರ. ಅಂಥದ್ದೊಂದು ವಿಭಾಗದಲ್ಲಿ ಹದಿನಾರು ವರ್ಷ ಪಾಠವನ್ನೂ ಮಾಡಿ, ಸುದ್ದಿಪತ್ರವನ್ನೂ ನೋಡಿಕೊಂಡವಳು ನಾನು. ಉತ್ತರ ಕೊಡಲು ಎಷ್ಟು ಯೋಗ್ಯತೆ ಇದೆಯೋ, ಹೇಳಿಕೊಳ್ಳಲು ತಪ್ಪುಗಳಂತೂ ಬೇಕಾದಷ್ಟಿವೆ.

ಪ್ರಶ್ನೆ: ನಾನು ಮೊದಲ ಸೆಮಿಸ್ಟರ್. ವಾರಕ್ಕೆ ಐದಾರು ಕಾರ್ಯಕ್ರಮಗಳ ನೋಟಿಸ್ ಬರುತ್ತೆ. ಎಲ್ಲದಕ್ಕೂ ಹೋದರೆ ಓದೋದು ಯಾವಾಗ? ಒಂದೇ ಒಂದು ಆರಿಸಿಕೊಳ್ಳಿ ಅಂದರೆ ಯಾವುದು?

ಉತ್ತರ: ಕಡೇ ಸೆಮಿಸ್ಟರ್‌ನವರ ಕ್ಯಾಪ್‌ಸ್ಟೋನ್ ಮಂಡನೆ. ಯೋಚನೆ ಮಾಡದೆ ಹೋಗಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಾಲ್ಕೈದು ವಿದ್ಯಾರ್ಥಿಗಳ ತಂಡ ಒಂದು ನಿಜವಾದ ಕಚೇರಿಗೋ ಸೇವಾ ಸಂಸ್ಥೆಗೋ ಹೋಗಿ, ಅವರ ಒಂದು ನಿಜವಾದ ತೊಂದರೆ ಹಿಡಿದುಕೊಂಡು, ಕೆಲವು ತಿಂಗಳು ಕೆಲಸ ಮಾಡಿ ವರದಿ ಕೊಡುತ್ತದೆ. ಕೊನೆಯಲ್ಲಿ ಆ ಕಚೇರಿಯವರ ಎದುರೇ ನಿಂತು ಅದನ್ನು ಮಂಡಿಸಬೇಕು. ಕೋಣೆಯಲ್ಲಿ ಹೆಚ್ಚೆಂದರೆ ಹದಿನೈದು ಜನ ಇರುತ್ತಾರೆ. ದೊಡ್ಡ ಸಭಾಂಗಣದ ಉಪನ್ಯಾಸಕ್ಕೆ ಮುನ್ನೂರು ಜನ, ಇದಕ್ಕೆ ಹದಿನೈದು. ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಒಂದು ಸಲದ್ದು ಹೇಳುತ್ತೇನೆ. ಒಂದು ಕಚೇರಿಯ ದೂರು ವಿಭಾಗಕ್ಕೆ ತಂಡವೊಂದು ವರದಿ ಮಾಡಿತ್ತು. ನಲವತ್ತೆರಡು ಸ್ಲೈಡು. ಬಣ್ಣಬಣ್ಣದ ಚಾರ್ಟು. ಮುಗಿದ ಮೇಲೆ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕೈ ಎತ್ತಿದರು. ದೂರುಗಳ ಮೇಜಿನಲ್ಲೇ ಇಪ್ಪತ್ತು ವರ್ಷ ಕಳೆದವರು. "ಮೂವತ್ತೊಂದನೇ ಸ್ಲೈಡಲ್ಲಿ, ದೂರುಗಳನ್ನ ದಿನಾ ವಿಂಗಡಿಸಬೇಕು ಅಂತಿದೆ. ವಿಂಗಡಿಸೋರು ಯಾರು? ನಾವಿರೋದು ಮೂರು ಜನ. ಒಬ್ಬರು ರಜೆ" ಅಂದರು. ಪ್ರೊಜೆಕ್ಟರ್ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ತಂಡದ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ, "ಈಗ ನೀವು ಹೇಗೆ ವಿಂಗಡಿಸ್ತೀರಿ, ಮೇಡಂ?" ಅಂತ ಕೇಳಿದಳು. ಅವರು ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಮೂರು ಬಣ್ಣದ ಶಾಯಿ. ಕೆಂಪಲ್ಲಿ ಬರೆದಿದ್ದು ಒಂದೇ ದೂರಿಗೆ ಎರಡನೇ ಸಲ ಬಂದವರ ಹೆಸರು. ಆ ಪುಸ್ತಕದ ಬಗ್ಗೆ ವರದಿಯಲ್ಲಿ ಒಂದಕ್ಷರ ಇರಲಿಲ್ಲ, ಯಾಕಂದರೆ ತಂಡ ಮಾತಾಡಿಸಿದ್ದು ಬರೀ ಮೇಲಧಿಕಾರಿಗಳನ್ನು.

ಮುಂದಿನ ಇಪ್ಪತ್ತು ನಿಮಿಷ ಎಲ್ಲರೂ ಆ ನೋಟ್‌ಬುಕ್ ಸುತ್ತ ನಿಂತಿದ್ದರು. ಮೈಕೆಲ್ ಲಿಪ್ಸ್ಕಿ ಅನ್ನುವ ವಿದ್ವಾಂಸರು 1980ರಲ್ಲಿ ಹೇಳಿದ್ದು ಇದನ್ನೇ: ಜನರ ಎದುರು ಕೂತ ನೌಕರ ದಿನಾ ಮಾಡುವ ಸಣ್ಣಪುಟ್ಟ ತೀರ್ಮಾನಗಳೇ ಕೊನೆಗೆ ಸರ್ಕಾರದ ನೀತಿ ಆಗಿಬಿಡುತ್ತವೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದವರಿಗೆ ಅವತ್ತು ಕಣ್ಣಿಗೆ ಬಿತ್ತು.

ಈ ಓದು ಶುರುವಾದದ್ದೂ ಹೀಗೇ ಅಲ್ವಾ? 1906ರಲ್ಲಿ ನ್ಯೂಯಾರ್ಕ್‌ನಲ್ಲಿ ನಗರಾಡಳಿತದ ಲೆಕ್ಕಪತ್ರ ಕೆದಕಲು ಒಂದು ಸಂಶೋಧನಾ ಬ್ಯೂರೊ ಹುಟ್ಟಿತು. ಅದು 1911ರಲ್ಲಿ ತರಬೇತಿ ಶಾಲೆ ತೆರೆಯಿತು. ಆ ಶಾಲೆಯೇ 1924ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿನ ಆಡಳಿತ ಶಾಲೆಯಾದ ಮ್ಯಾಕ್ಸ್‌ವೆಲ್ ಸ್ಕೂಲಿಗೆ ಬುನಾದಿಯಾಯಿತು. ಕಚೇರಿ ಮೊದಲು, ತರಗತಿ ಆಮೇಲೆ.

ಪ್ರಶ್ನೆ: ನಾನು ಸೇರಬೇಕೆಂದಿರುವ ಕೋರ್ಸಿನ ಸುದ್ದಿಪತ್ರದಲ್ಲಿ "ನಮ್ಮ ಶೇ 95 ವಿದ್ಯಾರ್ಥಿಗಳಿಗೆ ಕೆಲಸ" ಅಂತ ದೊಡ್ಡದಾಗಿ ಹಾಕಿದ್ದಾರೆ. ನಂಬಬಹುದಾ?

ಉತ್ತರ: ಸುಳ್ಳು ಅಂತ ಹೇಳಲಾರೆ. ಆದರೆ ನಾನೂ ಇಂಥ ಸಾಲು ಬರೆದವಳೇ, ಅದಕ್ಕೇ ಅಡುಗೆಮನೆ ತೋರಿಸುತ್ತೇನೆ.

ಒಂದು ವರ್ಷ 40 ಜನ ಪಾಸಾದರು ಅಂದುಕೊಳ್ಳಿ. ಆರು ತಿಂಗಳ ಮೇಲೆ ವಿಭಾಗದಿಂದ ಎಲ್ಲರಿಗೂ ಒಂದು ಫಾರ್ಮ್ ಹೋಗುತ್ತದೆ. ಉತ್ತರ ಬರುವುದು 20 ಜನರಿಂದ. ಕೆಲಸ ಸಿಗದೆ ಬೇಸರದಲ್ಲಿರುವವರು ಫಾರ್ಮ್ ತುಂಬುವುದು ಕಮ್ಮಿ, ನಿಮಗೂ ಗೊತ್ತು. ಆ 20ರಲ್ಲಿ 19 ಜನ ಕೆಲಸದಲ್ಲಿದ್ದೇವೆ ಅಂದರು. ಆಯಿತಲ್ಲ, ಶೇ 95! ಈಗ ಇನ್ನೊಂದು ಪದರ. ಎಂಪಿಎ ಓದುವವರಲ್ಲಿ ಎಷ್ಟೋ ಜನ ಮೊದಲೇ ಸರ್ಕಾರಿ ನೌಕರಿಯಲ್ಲಿದ್ದು, ಬಡ್ತಿಗೋ ಕಲಿಕೆಗೋ ಸಂಜೆ ಬಂದು ಓದುವವರು. ಆ 19ರಲ್ಲಿ 11 ಜನ ಅಂಥವರು ಅಂದರೆ, ಓದಿದ ಮೇಲೆ ಹೊಸದಾಗಿ ಕೆಲಸ ಸಿಕ್ಕಿದ್ದು ಖಚಿತವಾಗಿ ಗೊತ್ತಿರುವುದು 8 ಜನರಿಗೆ. ಇದು ಸುಮ್ನೆ ಲೆಕ್ಕಕ್ಕೆ ನಾನು ಕಟ್ಟಿದ ಉದಾಹರಣೆ. ಆದರೆ ಲೆಕ್ಕ ನಡೆಯುವ ರೀತಿ ಇದೇ.

ಹಾಗಾಗಿ ವಿಭಾಗಕ್ಕೆ ಒಂದು ಇಮೇಲ್ ಹಾಕಿ, ಮೂರು ಸಂಖ್ಯೆ ಕೇಳಿ: ಪಾಸಾದವರು ಎಷ್ಟು, ಉತ್ತರ ಕೊಟ್ಟವರು ಎಷ್ಟು, ಮೊದಲೇ ಕೆಲಸದಲ್ಲಿದ್ದವರು ಎಷ್ಟು. ಒಳ್ಳೆ ವಿಭಾಗ ಎರಡು ದಿನದಲ್ಲಿ ಕೊಡುತ್ತದೆ. ಕೊಡದೇ ಹೋದರೆ ಅದೂ ಒಂದು ಉತ್ತರ.

ಪ್ರಶ್ನೆ: ನಮ್ಮ ವಿದ್ಯಾರ್ಥಿ ಸಂಘದ ಚುನಾವಣೆ. ಮೂರು ಹುದ್ದೆಗೆ ಒಂದೂ ಅರ್ಜಿ ಬಂದಿಲ್ಲ. ಆಡಳಿತ ಓದುವವರಿಗೇ ಆಡಳಿತ ಬೇಡವೇ?

ಉತ್ತರ: ನೀವು ಖಜಾಂಚಿ ಹುದ್ದೆಗೆ ನಿಂತುಬಿಡಿ. ಹಣಕಾಸು ಪೇಪರ್ ಪೂರ್ತಿ ಓದಿದರೂ ತಿಳಿಯದ ವಿಷಯಗಳು, ಕಳೆದುಹೋದ ಒಂದು ರಸೀದಿ ಹುಡುಕುವಾಗ ತಿಳಿಯುತ್ತವೆ.

ಪ್ರಶ್ನೆ: ಅಧಿಕಾರಿಯೊಬ್ಬರ ಮಾತುಕತೆಯ ನೋಟಿಸಿನಲ್ಲಿ "ಚಾಥಮ್ ಹೌಸ್ ನಿಯಮ ಅನ್ವಯ" ಅಂತಿತ್ತು. ಏನೋ ಗುಟ್ಟಿನ ಸಭೆ ಅಂದುಕೊಂಡು ನಾನು ಹೋಗಲೇ ಇಲ್ಲ.

ಉತ್ತರ: ಅಯ್ಯೋ, ಹೋಗಬೇಕಿತ್ತು! ಆ ಸಾಲು ಕಂಡರೆ ಮೊದಲ ಸಾಲಿನಲ್ಲಿ ಕೂರಿ.

ಲಂಡನ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಸಂಸ್ಥೆಯೊಂದಿದೆ. ಅದರ ಕಟ್ಟಡದ ಹೆಸರು ಚಾಥಮ್ ಹೌಸ್. 1927ರಲ್ಲಿ ಅವರು ಮಾಡಿಕೊಂಡ ನಿಯಮ ಇದು. ಸಭೆಯಲ್ಲಿ ಕೇಳಿದ ವಿಷಯವನ್ನು ನೀವು ಹೊರಗೆ ಬಳಸಬಹುದು. ಹೇಳಿದ್ದು ಯಾರು, ಅವರು ಯಾವ ಕಚೇರಿಯವರು, ಸಭೆಯಲ್ಲಿ ಬೇರೆ ಯಾರಿದ್ದರು ಅನ್ನುವುದನ್ನು ಮಾತ್ರ ಹೇಳುವ ಹಾಗಿಲ್ಲ. ಅಷ್ಟೇ. ಕೆಲಸದಲ್ಲಿರುವ ಅಧಿಕಾರಿ ಮೈಕಿನ ಮುಂದೆ ಯೋಜನೆ ಗೆದ್ದ ಕಥೆ ಹೇಳುತ್ತಾರೆ. ಈ ನಿಯಮ ಇದ್ದರೆ, ಯೋಜನೆ ಎಲ್ಲಿ ಕೈಕೊಟ್ಟಿತು ಅಂತಲೂ ಹೇಳುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು.

ಒಂದೇ ಎಚ್ಚರಿಕೆ. ಫೋಟೊ ತೆಗೆದು "ಇವತ್ತು ಇವರ ಜೊತೆ" ಅಂತ ಹಾಕಿದರೆ ಅಲ್ಲಿಗೇ ನಿಯಮ ಮುರಿಯಿತು. ನೀವು ಒಂದು ಮಾತನ್ನೂ ಬರೆಯದಿದ್ದರೂ ಸರಿ.

ಪ್ರಶ್ನೆ: ನಮ್ಮ ಕೋರ್ಸಿಗೆ ಮಾನ್ಯತೆ ತಂಡ ಬರುತ್ತಿದೆ. "ಒಳ್ಳೇದನ್ನೇ ಹೇಳಿ" ಅಂತ ಒಬ್ಬ ಮೇಷ್ಟ್ರು ಹೇಳಿದ್ದಾರೆ. ನಿಜ ಹೇಳಿದರೆ ನಮ್ಮ ಡಿಗ್ರಿಗೇ ಬೆಲೆ ಹೋಗುತ್ತಾ?

ಉತ್ತರ: ಹೋಗಲ್ಲ. ಆಡಳಿತದ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವುದರಲ್ಲಿ ಹೆಸರಾದದ್ದು ಅಮೆರಿಕದಲ್ಲಿ 1970ರಲ್ಲಿ ಶುರುವಾದ ನಾಸ್ಪಾ ಅನ್ನುವ ಸಂಸ್ಥೆ. ಈಗ ಬೇರೆ ದೇಶಗಳ ಕೋರ್ಸ್‌ಗಳಿಗೂ ಅದು ಮಾನ್ಯತೆ ಕೊಡುತ್ತದೆ. ಅಲ್ಲಿ ನಡೆಯುವ ಕ್ರಮ ಹೇಳುತ್ತೇನೆ. ಮೊದಲು ವಿಭಾಗವೇ ತನ್ನ ಬಗ್ಗೆ ಉದ್ದನೆಯ ವರದಿ ಬರೆದು ಕಳಿಸುತ್ತದೆ. ಆಮೇಲೆ ಮೂವರ ತಂಡ ಬರುತ್ತದೆ. ಅದರಲ್ಲಿ ಮೇಷ್ಟ್ರುಗಳ ಜೊತೆಗೆ ಆಡಳಿತದಲ್ಲಿ ಕೆಲಸ ಮಾಡಿದವರೂ ಇರುತ್ತಾರೆ. ತೀರ್ಮಾನ ಆ ಮೂವರದ್ದಲ್ಲ. ಅವರ ವರದಿ ನೋಡಿ ಬೇರೊಂದು ಸಮಿತಿ ನಿರ್ಧರಿಸುತ್ತದೆ. ಎಲ್ಲ ಸರಿಯಿದ್ದರೆ ಏಳು ವರ್ಷದ ಮಾನ್ಯತೆ.

ತಂಡದವರು ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಮಾತಾಡಿಸುತ್ತಾರೆ. ಅಲ್ಲಿ "ಸೌಲಭ್ಯ ಸರಿಯಿಲ್ಲ" ಅಂದರೆ ಬರೆದುಕೊಳ್ಳಲು ಏನೂ ಇಲ್ಲ. "ಅಂಕಿಅಂಶದ ಕೋರ್ಸ್ ಎರಡು ವರ್ಷಕ್ಕೊಮ್ಮೆ ಇಡ್ತಾರೆ, ಅದಕ್ಕೆ ನಾವು ನಾಲ್ಕು ಜನ ಒಂದು ಸೆಮಿಸ್ಟರ್ ಸುಮ್ನೆ ಕಾಯಬೇಕಾಯಿತು" ಅನ್ನಿ. ಪೆನ್ನು ತಾನಾಗೇ ಓಡುತ್ತದೆ. ಚೆನ್ನಾಗಿರುವುದನ್ನೂ ಅಷ್ಟೇ ಬಿಡಿಸಿ ಹೇಳಿ. ಇನ್ನು ನಿಮ್ಮ ಮೇಷ್ಟ್ರ ಬಗ್ಗೆ: ಪಾರದರ್ಶಕತೆ ಪಾಠ ಅವರೇ ಮಾಡ್ತಾರಾ? ಬೇಡ, ಹೇಳಬೇಡಿ.

ಪ್ರಶ್ನೆ: ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ತಮ್ಮ ಆಡಳಿತ ಶಾಲೆಯಿಂದ ವುಡ್ರೊ ವಿಲ್ಸನ್ ಹೆಸರು ತೆಗೆದರಂತೆ. ನಮ್ಮ ಮೊದಲ ಪಾಠವೇ ಅವರದ್ದು. ಇನ್ನು ಅವರನ್ನು ಓದಬೇಕಾ, ಬಿಡಬೇಕಾ? ನಮ್ಮ ಚರ್ಚಾಕೂಟದಲ್ಲಿ ಜಗಳವೇ ಆಯಿತು.

ಉತ್ತರ: ಜಗಳ ಆಗಿದ್ದು ಕೇಳಿ ಖುಷಿಯಾಯಿತು. ಅದು 2020ರ ಜೂನ್‌ನ ಸುದ್ದಿ. ಒಂದೇ ದಿನದಲ್ಲಿ ಆದದ್ದೂ ಅಲ್ಲ. 2015ರಲ್ಲಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿಯಲ್ಲಿ ಧರಣಿ ಕೂತರು. 2016ರಲ್ಲಿ ಟ್ರಸ್ಟಿಗಳು ಹೆಸರು ಇರಲಿ ಅಂದರು. ನಾಲ್ಕು ವರ್ಷದ ಮೇಲೆ ಅವರೇ ಬೇಡ ಅಂದರು.

ವಿಲ್ಸನ್ 1887ರಲ್ಲಿ ಬರೆದ ಲೇಖನವನ್ನು ಈ ವಿಷಯದ ಹುಟ್ಟು ಅಂತ ಪಾಠ ಮಾಡುತ್ತೇವೆ. ರಾಜಕೀಯ ಬೇರೆ, ಆಡಳಿತ ಬೇರೆ, ಆಡಳಿತವನ್ನು ಒಂದು ಶಾಸ್ತ್ರದ ಹಾಗೆ ಕಲಿಯಬಹುದು ಅನ್ನುವುದು ಅದರ ಸಾರ. ಅದೇ ಮನುಷ್ಯ ಅಮೆರಿಕದ ಅಧ್ಯಕ್ಷರಾದರು. 1913ರಿಂದ ಅವರ ಸರ್ಕಾರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸುವುದು ಶುರುವಾಯಿತು. 1914ರಲ್ಲಿ ನೌಕರಿ ಅರ್ಜಿಗೆ ಫೋಟೊ ಅಂಟಿಸಬೇಕು ಅನ್ನುವ ನಿಯಮ ಬಂತು. ಫೋಟೊ ಯಾಕೆ ಅಂತ ಒಂದು ಸಲ ಯೋಚಿಸಿ. ಅರ್ಜಿಯ ಒಂದು ಮೂಲೆಯಲ್ಲಿ ಒಂದು ಸಣ್ಣ ಚೌಕ. ಗುಮಾಸ್ತ ನಿಯಮ ಪಾಲಿಸುತ್ತಿದ್ದಾನೆ, ಅಷ್ಟೇ. ಯಾರ ಮೇಲೂ ಕೂಗಾಡುವುದು ಬೇಕಿಲ್ಲ. ಮುಖ ನೋಡಿಯೇ ಜನರನ್ನು ಹೊರಗಿಡಬಹುದು, ಪರೀಕ್ಷೆಯ ಅಂಕ ಎಷ್ಟೇ ಇರಲಿ.

ನನ್ನ ಅಭಿಪ್ರಾಯ ಕೇಳಿದರೆ, ಹೆಸರು ತೆಗೆದದ್ದು ಸರಿ. ಲೇಖನ ತೆಗೆಯಬಾರದು. ಅದನ್ನು ಆ ಫೋಟೊ ನಿಯಮದ ಜೊತೆ ಒಂದೇ ತರಗತಿಯಲ್ಲಿ ಓದಿಸಬೇಕು. ಆಡಳಿತಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ ಅನ್ನುವ ಮಾತು ಎಷ್ಟು ಹೊತ್ತು ನಿಲ್ಲುತ್ತೆ ಅಂತ ನಿಮ್ಮ ಚರ್ಚಾಕೂಟದಲ್ಲೇ ನೋಡಿ. ಮುಂದಿನ ಜಗಳದ ವರದಿ ಕಳಿಸಿ.

ಪ್ರಶ್ನೆ: ನಾನು ಹಗಲು ಕೆಲಸ ಮಾಡಿ ಸಂಜೆ ಓದುವವಳು. ಎಲ್ಲ ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. "ರೆಕಾರ್ಡಿಂಗ್ ಇದೆಯಲ್ಲ" ಅಂತಾರೆ.

ಉತ್ತರ: ರೆಕಾರ್ಡಿಂಗ್‌ನಲ್ಲಿ ಭಾಷಣ ಸಿಗುತ್ತೆ. ಭಾಷಣ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಆಡುವ ಮಾತು ಸಿಗಲ್ಲ. ಇಂಟರ್ನ್‌ಶಿಪ್ ಹುಟ್ಟುವುದು ಆ ಬಾಗಿಲ ಹತ್ತಿರ.

ಇದರಲ್ಲಿ ಒಂದು ತಮಾಷೆ ಇದೆ ನೋಡಿ. ಪಮೇಲಾ ಹರ್ಡ್, ಡೊನಾಲ್ಡ್ ಮೊಯ್ನಿಹಾನ್ ಅನ್ನುವ ಇಬ್ಬರು ವಿದ್ವಾಂಸರು ಆಡಳಿತದ ಹೊರೆ ಅಂತ ಒಂದು ವಿಷಯ ಬಿಡಿಸಿಟ್ಟಿದ್ದಾರೆ. ಸವಲತ್ತು ಇದೆ ಅಂತ ತಿಳಿದುಕೊಳ್ಳಲು ಪಡುವ ಕಷ್ಟ, ಫಾರ್ಮು ದಾಖಲೆ ಅಂತ ಅಲೆಯುವ ಕಷ್ಟ, ಅದೆಲ್ಲದರಿಂದ ಮನಸ್ಸಿಗೆ ಆಗುವ ಕಿರಿಕಿರಿ. ಇಷ್ಟು ಸೇರಿದರೆ ಹಕ್ಕುಳ್ಳವರೇ ಸವಲತ್ತು ಬಿಟ್ಟು ಹೋಗುತ್ತಾರೆ. ಇದನ್ನು ಎಲ್ಲ ಎಂಪಿಎ ವಿಭಾಗಗಳೂ ಕಲಿಸಬೇಕು ಅನ್ನುವವಳು ನಾನು. ತಮ್ಮದೇ ನೋಟಿಸ್ ಬೋರ್ಡಿಗೆ ಅನ್ವಯಿಸಿ ನೋಡುವ ವಿಭಾಗ ಮಾತ್ರ ಅಪರೂಪ.

ದೂರು ಬರೆಯುವ ಮೊದಲು ಒಂದು ಕೆಲಸ ಮಾಡಿ. ಹೋದ ಸೆಮಿಸ್ಟರ್‌ನ ಎಲ್ಲ ನೋಟಿಸ್ ತೆಗೆದು, ಪ್ರತಿ ಕಾರ್ಯಕ್ರಮ ಶುರುವಾದ ಹೊತ್ತನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಕೆಳಗೆ, ನಿಮ್ಮ ಹಾಗೆ ಸಂಜೆ ಬರುವವರು ಎಷ್ಟು ಜನ ಅಂತ ಬರೆಯಿರಿ. ಅದರ ಕೆಳಗೆ ಒಂದೇ ಕೋರಿಕೆ: ಮೂರರಲ್ಲಿ ಒಂದು ಕಾರ್ಯಕ್ರಮ ಸಂಜೆ ಆರರ ನಂತರ ಇರಲಿ. "ಅನ್ಯಾಯ" ಅನ್ನುವ ಪದ ಬೇಡ. ಒಂದು ಪುಟದ ಮೆಮೊ ಬರೆಯುವುದನ್ನು ಅವರೇ ಕಲಿಸಿದ್ದಲ್ವಾ, ಅವರಿಗೇ ಬರೆದು ಕೊಡಿ.

ಪ್ರಶ್ನೆ: ಸಿಮ್ಯುಲೇಷನ್ ಸ್ಪರ್ಧೆಯಲ್ಲಿ, ಅಂದರೆ ಸರ್ಕಾರ ನಡೆಸುವ ಆಟದಲ್ಲಿ, ನಮ್ಮ ತಂಡ ಕೊನೆಯ ಸ್ಥಾನ. ನಾನು ಹಣಕಾಸು ಮಂತ್ರಿ. ಸುದ್ದಿಪತ್ರದಲ್ಲಿ ಗೆದ್ದವರ ಫೋಟೊ ನೋಡಿ ಹೊಟ್ಟೆ ಉರಿಯಿತು.

ಉತ್ತರ: ಹೊಟ್ಟೆಕಿಚ್ಚು ಒಪ್ಪಿಕೊಂಡಿದ್ದೀರಿ, ನಿಮಗೆ ಒಳ್ಳೆ ಭವಿಷ್ಯವಿದೆ. 2015ರಿಂದ ನಾಸ್ಪಾ ನಡೆಸುವ ಇಂಥ ಸ್ಪರ್ಧೆಯಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯದವರನ್ನು ಬೆರೆಸಿ ತಂಡ ಮಾಡುತ್ತಾರೆ. ಪರಿಚಯವೇ ಇಲ್ಲದವರ ಜೊತೆ ಒಂದು ದಿನ ಸರ್ಕಾರ ನಡೆಸಬೇಕು. ನಾನು ನೋಡಿದ ಹಾಗೆ, ಇಂಥ ಆಟಗಳಲ್ಲಿ ಸೋಲುವ ತಂಡಗಳು ಲೆಕ್ಕದಲ್ಲಿ ಸೋಲುವುದು ಕಮ್ಮಿ. ಮೊದಲ ಸುತ್ತಿನಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಬಿಡುತ್ತಾರೆ. ಮೂರನೇ ಸುತ್ತಿನಲ್ಲಿ ಆಪತ್ತು ಬಂದಾಗ ಕೈಯಲ್ಲಿ ಏನೂ ಇರಲ್ಲ. ನಿಮ್ಮದೂ ಹಾಗೇ ಆಯಿತಾ? ನಿಮ್ಮ ನಾಲ್ಕು ತೀರ್ಮಾನ, ಯಾಕೆ ಹಾಗೆ ಮಾಡಿದಿರಿ, ಏನಾಯಿತು ಅಂತ ಒಂದು ಪುಟ ಬರೆದು ಸುದ್ದಿಪತ್ರಕ್ಕೆ ಕೊಡಿ. ಗೆದ್ದವರ ಫೋಟೊಕ್ಕಿಂತ ಜಾಸ್ತಿ ಜನ ಓದುತ್ತಾರೆ.

ಪ್ರಶ್ನೆ: ಮೊದಲ ಸಲ ಸಮ್ಮೇಳನದಲ್ಲಿ ಪ್ರಬಂಧ ಓದಬೇಕು. ಅಲ್ಲೆಲ್ಲ ದೊಡ್ಡವರು. ನಮ್ಮಂಥವರ ಮಾತು ಯಾರು ಕೇಳ್ತಾರೆ?

ಉತ್ತರ: 1967ರಲ್ಲಿ ಫಿಲಡೆಲ್ಫಿಯಾದಲ್ಲಿ ಈ ವಿಷಯದ ಹಿರಿಯರ ಒಂದು ಸಮ್ಮೇಳನ ನಡೆಯಿತು. ಕಿರಿಯರಿಗೆ ಜಾಗವೇ ಇರಲಿಲ್ಲ ಅನ್ನುವ ಟೀಕೆ ಬಂತು. ಮಾರನೇ ವರ್ಷ ಡ್ವೈಟ್ ವಾಲ್ಡೊ ಅನ್ನುವ, ಐವತ್ತು ದಾಟಿದ್ದ ಹಿರಿಯ ವಿದ್ವಾಂಸರು ತಾವು ಹಿಂದೆ ನಿಂತು ಕಿರಿಯ ಸಹೋದ್ಯೋಗಿಗಳ ಕೈಗೆ ವ್ಯವಸ್ಥೆ ಕೊಟ್ಟರು. ಸರೋವರದ ಪಕ್ಕದ ಮಿನೋಬ್ರೂಕ್ ಅನ್ನುವ ಜಾಗದಲ್ಲಿ ಯುವಕರು ಸೇರಿದರು. 1968, ಹೊರಗೆ ಯುದ್ಧ ವಿರೋಧಿ ಚಳವಳಿ, ಬೀದಿ ಗಲಭೆ. ಆಡಳಿತ ಅಂದರೆ ಬರೀ ಮಿತವ್ಯಯ, ದಕ್ಷತೆ ಅಂತ ಕೂತರೆ ಹೇಗೆ, ಯಾರಿಗೆ ಸಿಕ್ಕಿತು ಯಾರಿಗೆ ಸಿಗಲಿಲ್ಲ ಅಂತ ಕೇಳಬೇಡವೇ ಅಂದರು. ಸಾಮಾಜಿಕ ಸಮಾನತೆ ಈ ಓದಿನ ನಡುವೆ ಬಂದು ಕೂತದ್ದು ಅಲ್ಲಿಂದ. 1988ರಲ್ಲಿ, ಮತ್ತೆ 2008ರಲ್ಲಿ ಅದೇ ಹೆಸರಿನಲ್ಲಿ ಸೇರಿದರು. ನಿಮ್ಮ ಪಠ್ಯದಲ್ಲಿ ಇವತ್ತು ಅದೊಂದು ಅಧ್ಯಾಯ.

ಹೋಗಿ ಓದಿ ಬನ್ನಿ. ಹನ್ನೆರಡು ನಿಮಿಷ ಕೊಟ್ಟಿದ್ದರೆ ಹತ್ತಕ್ಕೆ ಮುಗಿಸಿ. ಅದೊಂದಕ್ಕೇ ಅಧ್ಯಕ್ಷತೆ ವಹಿಸಿದವರು ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಸಂಘದಿಂದ ವರ್ಷಕ್ಕೊಂದು ಸೇವಾ ದಿನ ಮಾಡೋಣ ಅಂತಿದ್ದೇವೆ. ಯಾವ ದಿನ ಒಳ್ಳೇದು?

ಉತ್ತರ: ಜೂನ್ 23 ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ದಿನ, 2002ರಲ್ಲಿ ನಿರ್ಧರಿಸಿದ್ದು. ಎಷ್ಟೋ ಕಡೆ ಆಗ ರಜೆ. ಪರೀಕ್ಷೆ ಇಲ್ಲದ ಯಾವುದಾದರೂ ವಾರ ನೋಡಿಕೊಳ್ಳಿ.

ಪ್ರಶ್ನೆ: ನಾವು ಕಷ್ಟಪಟ್ಟು ಕರೆಸಿದ ಅತಿಥಿಯ ಭಾಷಣಕ್ಕೆ ನಾಲ್ಕೇ ಜನ ಬಂದರು. ಅವಮಾನದಿಂದ ಸತ್ತೇಹೋದೆ. ನಿಮಗೆ ಹೀಗೆ ಆಗಿದೆಯಾ?

ಉತ್ತರ: ನಾಲ್ಕು ಜನ! ನೀವು ಪುಣ್ಯವಂತರು. ಒಂದು ಸಲ ನಾನು ಸುದ್ದಿಪತ್ರದಲ್ಲಿ "ಮಂಗಳವಾರ, 14ನೇ ತಾರೀಕು" ಅಂತ ಅಚ್ಚು ಹಾಕಿಸಿದೆ. 14 ಬುಧವಾರ. ಅತಿಥಿ ನಿವೃತ್ತ ಅಧಿಕಾರಿ, ವಾರ ನೋಡಿ ಮಂಗಳವಾರ ಬಂದರು. ವಿದ್ಯಾರ್ಥಿಗಳು ತಾರೀಕು ನೋಡಿ ಬುಧವಾರ ಬರುವವರಿದ್ದರು. ಮಂಗಳವಾರ ಆ ಕೋಣೆಯಲ್ಲಿ ಇದ್ದದ್ದು ಅವರು, ನಾನು, ಬೆಳಕು ಆರಿಸಲು ಬಂದ ಸಿಬ್ಬಂದಿ. ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಅವರು ಸುದ್ದಿಪತ್ರ ತೆಗೆದು, ಕನ್ನಡಕ ಏರಿಸಿ ನೋಡಿ, "ಸರ್ಕಾರಿ ಆದೇಶಗಳಲ್ಲೂ ಹೀಗಾಗ್ತಿತ್ತಮ್ಮ, ನಾನೇ ಎರಡು ಹೊರಡಿಸಿದ್ದೀನಿ" ಅಂದರು. ಮಾರನೇ ದಿನ ಮತ್ತೆ ಬಂದು, ತಪ್ಪಾದ ಆದೇಶವನ್ನು ಹೇಗೆ ಹಿಂತೆಗೆದುಕೊಳ್ಳುವುದು ಅಂತಲೇ ಒಂದು ಗಂಟೆ ಮಾತಾಡಿದರು. ಸಿದ್ಧ ಮಾಡಿಕೊಂಡು ಬಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆ. ಅದರಲ್ಲಿ ವಾರ, ತಾರೀಕು ಎರಡೂ ಸರಿಯಾಗಿತ್ತು. ಅವರ ಹೆಸರು ತಪ್ಪಾಗಿತ್ತು.